ಕಬ್ಬಿನ ಹೇರು ಮತ್ತು ರಸ್ತೆಯ ಹೊಣೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಇರುಳಿನಲ್ಲಿಯೂ ರಸ್ತೆಯಲ್ಲಿರುತ್ತವೆ. ಕತ್ತಲಲ್ಲಿ ಅವು ಕಾಣದೆ, ಬೈಕ್ ಸವಾರರು ಹಿಂದಿನಿಂದ ಡಿಕ್ಕಿ ಹೊಡೆದು ಪ್ರಾಣ ಕಳೆದುಕೊಳ್ಳುವ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಇದನ್ನು ವಿಧಿಯೆಂದು ಸುಮ್ಮನಿರುವುದು ಸರಿಯೆಂದು ನಮಗೆ ತೋರುವುದಿಲ್ಲ.

ಕಾರಣ ಕಣ್ಣೆದುರಿಗೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಿಫ್ಲೆಕ್ಟರ್ ಕಡ್ಡಾಯಗೊಳಿಸಿವೆ. ಆದರೆ ಅದನ್ನು ಅಂಟಿಸಿದ್ದರೂ ಹೊರಚಾಚಿದ ಕಬ್ಬು ಮುಚ್ಚಿಬಿಡುತ್ತದೆ. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯಂತೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಆದರೂ ಟನ್ ಲೆಕ್ಕದ ಬಾಡಿಗೆಯೇ ಹೆಚ್ಚು ಹೇರಲು ಪ್ರೇರೇಪಿಸುವಾಗ ಚಾಲಕನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಕಾರ್ಖಾನೆಯ ತೂಕದ ಕಾಟಾದಲ್ಲಿಯೇ ಇದಕ್ಕೆ ತಡೆ ಬೀಳಬೇಕು.

ರೈತಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ಹೇರಿನ ಹಿಂತುದಿಗೇ ರಿಫ್ಲೆಕ್ಟರ್ ಫಲಕವನ್ನೂ ಕೆಂಪು ದೀಪವನ್ನೂ ಕಟ್ಟಿರಿ. ಟ್ರೇಲರಿಗೂ ನೋಂದಣಿ, ವಿಮೆ ಮಾಡಿಸಿರಿ. ಕೆಟ್ಟು ನಿಂತ ವಾಹನವನ್ನು ಕತ್ತಲಲ್ಲಿ ಹಾಗೆಯೇ ಬಿಟ್ಟು ಹೋಗದಿರಿ. ಇನ್ನೊಬ್ಬರ ಮನೆಯ ದೀಪವಾರಿಸುವ ದುಡಿಮೆ ಕಾಯಕವೆನಿಸದು.