ಕಂಪೌಂಡ್ ಕಟ್ಟುವ ಮುನ್ನ

“ಮಳೆಗಾಲಕ್ಕೆ ಮುಂಚೆ ಕಂಪೌಂಡ್ ಮುಗಿಸಿಬಿಡು” ಎಂದು ಗಲ್ಫ್‌ನಿಂದ ಪತಿಯ ಫೋನು. ಹಣವೂ ಬಂತು. ಮೇಸ್ತ್ರಿ, “ಹಳೆಯ ಬೇಲಿ ಇದೆಯಲ್ಲ ಅಕ್ಕ, ಅದರ ಮೇಲೆಯೇ ಪಂಚಾಂಗ ಹಾಕೋಣ” ಎಂದ. ಗೋಡೆ ಎದ್ದ ಮೇಲೆ ಪಕ್ಕದವರು ಅಳತೆ ಮಾಡಿಸಿದರು. ಒಂದು ಮೂಲೆಯಲ್ಲಿ ಅದು ಒಂದೂವರೆ ಅಡಿ ಅವರ ಜಾಗದಲ್ಲಿತ್ತು! ಗೋಡೆಯೂ ಹೋಯಿತು, ಹಬ್ಬಕ್ಕೆ ತಟ್ಟೆ ಕೊಟ್ಟು ತೆಗೆದುಕೊಳ್ಳುತ್ತಿದ್ದ ನೆರೆಯೂ ದೂರವಾಯಿತು. ನನ್ನ ಪರಿಚಯದ ಸಹೋದರಿಯೊಬ್ಬರ ಅನುಭವವಿದು.

ಬೇಲಿ ಇರುವಲ್ಲೆಲ್ಲ ಗಡಿ ಇರಬೇಕೆಂದಿಲ್ಲ. ದಾಖಲೆಯಲ್ಲಿರುವ ಅಳತೆಗೂ ನೆಲದ ಮೇಲಿರುವುದಕ್ಕೂ ತಾಳೆ ನೋಡಿ. ಸರ್ವೆ ನಂಬರಿನ ಜಮೀನಾದರೆ ನಾಡ ಕಚೇರಿಯಲ್ಲಿ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿಕೊಳ್ಳಬಹುದು. ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟೇ ಸರ್ವೆಯರ್ ಅಳೆಯುತ್ತಾರೆ. ಆದ್ದರಿಂದ ಮುಂದೆ ತಕರಾರು ಕಡಿಮೆ.

ಇನ್ನು ಪರವಾನಗಿ. ಮನೆಗೆ ಸಿಕ್ಕಿದ ಪರವಾನಗಿ ಗೋಡೆಗೂ ಸಾಕೆಂದು ಭಾವಿಸಬೇಡಿ. 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆಯಲ್ಲಿ ‘ಕಟ್ಟಡ’ ಎಂಬ ಪದದೊಳಗೆ ಗೋಡೆಯೂ ಸೇರಿದೆ. ಹಳ್ಳಿಯಲ್ಲಿ ಗ್ರಾಮ ಪಂಚಾಯತ್, ಪೇಟೆಯಲ್ಲಿ ಪುರಸಭೆ ಅಥವಾ ನಗರಪಾಲಿಕೆಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ರಸ್ತೆಯಿಂದ ಎಷ್ಟು ಬಿಡಬೇಕು, ಎತ್ತರ ಎಷ್ಟಿರಬಹುದು ಎಂಬುದನ್ನು ಅಲ್ಲಿಯೇ ಕೇಳಿ. ಹೆದ್ದಾರಿ ಬದಿಯಾದರೆ ನಿಯಮ ಬೇರೆ.

ಕೇಂದ್ರ ಸರಕಾರದ 2016ರ ಮಾದರಿ ಉಪವಿಧಿಗಳಲ್ಲಿ ಗೋಡೆಯ ಎತ್ತರ ಎದುರಿನ ರಸ್ತೆಯ ಮಟ್ಟದಿಂದ 1.5 ಮೀಟರ್, ಅಂದರೆ ಸುಮಾರು 5 ಅಡಿ. ಮೇಲಿನ 0.9 ಮೀಟರ್ ಜಾಲಿಯಂತೆ ತೆರೆದಿದ್ದರೆ 2.4 ಮೀಟರ್‌ವರೆಗೆ ಏರಿಸಬಹುದು. ರಸ್ತೆಗಳು ಕೂಡುವ ಮೂಲೆ ನಿವೇಶನದಲ್ಲಿ ಗೋಡೆ ಇನ್ನೂ ತಗ್ಗಾಗಿರಬೇಕು. ತಿರುವಿನಲ್ಲಿ ಬರುವ ವಾಹನ ಶಾಲೆಗೆ ಹೋಗುವ ಮಗುವಿಗೆ ಕಾಣಬೇಕಲ್ಲವೇ? ಆದರೆ ಇದು ಮಾದರಿ ಮಾತ್ರ. ನಿಮ್ಮಲ್ಲಿ ನಡೆಯುವುದು ನಿಮ್ಮೂರಿನ ಸ್ಥಳೀಯ ಸಂಸ್ಥೆಯ ನಿಯಮವೇ.

ದಾರಿಯ ವಿಷಯದಲ್ಲಂತೂ ಎಚ್ಚರ ಬೇಕು. ಹಿಂದಿನ ಮನೆಯವರು ನಿಮ್ಮ ಹಿತ್ತಿಲಿನ ಮೂಲಕ 20 ವರ್ಷಗಳಿಂದ ಅಡೆತಡೆಯಿಲ್ಲದೆ, ತಮ್ಮ ಹಕ್ಕೆಂದೇ ನಡೆದಾಡುತ್ತಿದ್ದರೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ ಅವರು ದಾರಿಯ ಹಕ್ಕು ಕೇಳಬಹುದು. ಜಾಗ ನಿಮ್ಮದೇ ಆದರೂ ಗೋಡೆಯಿಂದ ಅದನ್ನು ಮುಚ್ಚಿದರೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತು. ಅಂಥ ದಾರಿಯಿದ್ದರೆ ಮೊದಲೇ ವಕೀಲರನ್ನು ಕೇಳಿ.

ಮಳೆನೀರಿನ ಹಾದಿಯನ್ನೂ ಮರೆಯಬೇಡಿ. ನೀರು ಹೋಗಲು ಗೋಡೆಯ ಬುಡದಲ್ಲಿ ತೂತು ಬಿಡದಿದ್ದರೆ, ಕರಾವಳಿಯ ಆಷಾಢದ ಮಳೆಗೆ ಮಣ್ಣು ನೆನೆದು ಗೋಡೆಯೇ ಕುಸಿಯುತ್ತದೆ. ಬದಿಯಲ್ಲಿ ಆಡುವ ಮಕ್ಕಳ ಜೀವಕ್ಕೇ ಅಪಾಯ. ಗೇಟು ರಸ್ತೆಯ ಕಡೆಗಲ್ಲ, ಒಳಗೆ ತೆರೆಯಲಿ.

ಕೊನೆಯದಾಗಿ, ಪಂಚಾಂಗ ತೋಡುವ ಮುನ್ನ ನೂಲು ಕಟ್ಟಿ ಪಕ್ಕದ ಮನೆಯವರನ್ನು ಕರೆದು ತೋರಿಸಿ. “ಇಲ್ಲಿ ಕಟ್ಟುತ್ತಿದ್ದೇವೆ, ನೋಡಿ” ಎಂಬ ಒಂದು ಮಾತಿಗೆ ಖರ್ಚಿಲ್ಲ. ಗೋಡೆ ಮನೆಯ ಭದ್ರತೆಗೆ ಬೇಕು ನಿಜ. ಆದರೆ ನಡುರಾತ್ರಿ ಮಗುವಿಗೆ ಜ್ವರ ಬಂದಾಗ ಓಡಿ ಬರುವವರು ಆ ಗೋಡೆಯ ಆಚೆಯವರೇ.