ಬಿಸಿಲಿನ ನಾಡಿಗೆ ಎಂ.ಎಸ್. ಬಾರದೆಂಬ ನಂಬಿಕೆ ಬೇಡ

ನಮ್ಮ ಮಂಡ್ಯ ಜಿಲ್ಲೆಯ ಪಾಲಹಳ್ಳಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲವೂ ಸಮಭಾಜಕದಿಂದ 12–13 ಡಿಗ್ರಿಯೊಳಗಿವೆ. ಬಿಸಿಲಿಗೆ ಇಲ್ಲಿ ಬರವಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಚಳಿ ದೇಶದವರ ಕಾಯಿಲೆ, ನಮ್ಮದಲ್ಲ ಎಂಬ ಭಾವನೆ ಬೇರೂರಿರುವುದಕ್ಕೆ ಇದೂ ಒಂದು ಕಾರಣ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಈ ಕಾಯಿಲೆ ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು ಕಾಡುತ್ತದೆ. ಭಾರತದಲ್ಲಿ ಇದು ಲಕ್ಷಕ್ಕೆ ಒಬ್ಬರಿಗೆ ಬಂದರೆ ಹೆಚ್ಚು ಎಂದು ಹಿಂದೆ ಆಸ್ಪತ್ರೆಗಳ ದಾಖಲೆ ನೋಡಿ ಅಂದಾಜಿಸಿದ್ದರು. ಆದರೆ ನಮ್ಮಷ್ಟೇ ಅಕ್ಷಾಂಶದಲ್ಲಿರುವ ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಸಮೀಕ್ಷೆ ನಡೆಸಿದಾಗ ಲಕ್ಷಕ್ಕೆ ಸುಮಾರು ಎಂಟು ಮಂದಿ ಸಿಕ್ಕರು. ಮಂಗಳೂರಿನ ಬಿಸಿಲೇನೂ ಕಡಿಮೆಯಾಗಿರಲಿಲ್ಲ. ನರರೋಗ ತಜ್ಞರೂ ಎಂಆರ್‌ಐ ಯಂತ್ರವೂ ಇದ್ದ ಕಡೆ ಹುಡುಕಿದ್ದರಿಂದ ರೋಗಿಗಳು ಕಂಡರು. ಎಂ.ಎಸ್. ಭೂಪಟದಲ್ಲಿ ಖಾಲಿ ಕಾಣುವ ಜಾಗಗಳಲ್ಲಿ ಎಷ್ಟೋ ಕಡೆ ಇಲ್ಲದಿರುವುದು ರೋಗವಲ್ಲ, ತಪಾಸಣೆ.

ಹಾಗಾದರೆ ಸಮಭಾಜಕದಿಂದ ದೂರ ಹೋದಂತೆ ರೋಗ ಹೆಚ್ಚುತ್ತದೆ ಎಂಬುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಆಸ್ಟ್ರೇಲಿಯಾದಲ್ಲಿ ಉತ್ತರದ ಕ್ವೀನ್ಸ್‌ಲ್ಯಾಂಡಿಗಿಂತ ದಕ್ಷಿಣದ ಟಾಸ್ಮೇನಿಯಾದಲ್ಲಿ ಎಂ.ಎಸ್. ಬಹಳ ಹೆಚ್ಚು. ಒಂದೇ ದೇಶ, ಬಹುಮಟ್ಟಿಗೆ ಒಂದೇ ಮೂಲದ ಜನ. ಆದ್ದರಿಂದ ಅಲ್ಲಿಯ ಅಂತರವನ್ನು ತಪಾಸಣೆಯ ಲೆಕ್ಕಕ್ಕೆ ಹಾಕಲಾಗದು. ಬಿಸಿಲು ಮತ್ತು ವಿಟಮಿನ್ ಡಿ ಅಪಾಯವನ್ನು ತಗ್ಗಿಸುತ್ತವೆ ಎನ್ನಲು ಆಧಾರವಿದೆ. ಆದರೆ ತಗ್ಗಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ. ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿನ ನಂತರ ಎಂ.ಎಸ್. ಅಪಾಯ 32 ಪಟ್ಟು ಏರುತ್ತದೆ. ಆ ವೈರಸ್ ಎಲ್ಲ ದೇಶಗಳಲ್ಲೂ ಇದೆ. ಬೀಡಿ, ಸಿಗರೇಟು, ಹರೆಯದ ಬೊಜ್ಜು ಇವೂ ಅಪಾಯ ಹೆಚ್ಚಿಸುತ್ತವೆ. ಇವುಗಳಿಗೂ ಅಕ್ಷಾಂಶದ ಹಂಗಿಲ್ಲ. ವಂಶವಾಹಿಯ ಪಾತ್ರವೂ ಉಂಟು: ಮುಂಬೈಯ ಬಿಸಿಲಲ್ಲೇ ಬಾಳಿದ ಪಾರ್ಸಿಗಳಲ್ಲಿ ಇದು ನೆರೆಹೊರೆಯವರಿಗಿಂತ ಹೆಚ್ಚಾಗಿ ಕಂಡಿದೆ. ಆದರೆ ರಕ್ತವೊಂದೇ ಕಾರಣವೂ ಅಲ್ಲ. ಭಾರತ ಉಪಖಂಡದಿಂದ ಬ್ರಿಟನ್ನಿಗೆ ಹೋದವರಲ್ಲಿ ರೋಗ ವಿರಳವಾಗಿದ್ದರೂ ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಅದರ ಪ್ರಮಾಣ ಬ್ರಿಟಿಷರ ಸಮೀಪಕ್ಕೆ ಬಂದಿತ್ತು.

ಡೆಂಗಿ, ಸಕ್ಕರೆ ಕಾಯಿಲೆ, ಹೃದಯಾಘಾತಗಳ ನಡುವೆ ಇಷ್ಟು ಅಪರೂಪದ ರೋಗಕ್ಕೆ ತಾಲ್ಲೂಕು ಆಸ್ಪತ್ರೆ ಏಕೆ ತಲೆಕೆಡಿಸಿಕೊಳ್ಳಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಲ್ಲಿ ಬೇಕಿರುವುದು ಹೊಸ ಕಟ್ಟಡವಲ್ಲ, ಅನುಮಾನ ಪಡುವ ಅಭ್ಯಾಸ. ಒಂದು ಕಣ್ಣು ನೋಯುತ್ತಾ ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು ಕೆಲವು ವಾರಗಳಲ್ಲಿ ತಾನಾಗಿ ಇಳಿಯಬಹುದು. ಹಾಗಾಗಿ ಅದನ್ನು ನರದ ವೀಕ್ನೆಸ್ ಎಂದು ತಳ್ಳಿಹಾಕುವುದು ಸುಲಭ. ಆದರೆ ರೋಗ ಮರುಕಳಿಸಿದಾಗಲೆಲ್ಲ ನರಕ್ಕೆ ಶಾಶ್ವತ ಹಾನಿಯಾಗುವ ಸಂಭವವಿದೆ. ಬೇಗ ಚಿಕಿತ್ಸೆ ಆರಂಭಿಸಿದರೆ ಆ ಹಾನಿಯನ್ನು ಬಹಳಷ್ಟು ತಡೆಯಬಹುದು. ಔಷಧಿ ದುಬಾರಿ ಎಂಬ ಮಾತು ನಿಜ. ಆದರೂ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂ.ಎಸ್.ಗಾಗಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ ಮೂರರಲ್ಲಿ ಒಂದಾದ ರಿಟುಕ್ಸಿಮ್ಯಾಬ್ ನಮ್ಮ ದೇಶದಲ್ಲೇ ತಯಾರಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಎಂ.ಎಸ್. ಅನ್ನು ಹೆಸರಿಸಿದೆ, ಆದರೆ ರೋಗ ಪತ್ತೆಯಾಗದವರಿಗೆ ಆ ಹಕ್ಕು ದಕ್ಕುವುದಿಲ್ಲ. ಮಂಡ್ಯದಲ್ಲಿ ಮಿಮ್ಸ್ ವೈದ್ಯಕೀಯ ಕಾಲೇಜು ಇದೆ, ನಾಗಮಂಗಲ ತಾಲ್ಲೂಕಿನಲ್ಲೇ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ಲಕ್ಷಣಗಳ ತರಬೇತಿ ಕೊಟ್ಟು, ಅನುಮಾನ ಬಂದವರನ್ನು ಅಲ್ಲಿಗೆ ಕಳಿಸುವ ಮತ್ತು ಪ್ರತಿ ಪ್ರಕರಣವನ್ನೂ ದಾಖಲಿಸುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ಈಗಲೇ ಆರಂಭಿಸಬೇಕು.