ಕುಂದುತ್ತಿರುವ ಬಲಾಢ್ಯರೂ ಅಣ್ವಸ್ತ್ರದ ಭೀತಿಯೂ

ರಾಜ್ಯಗಳು ಏಳುವುದೂ ಬೀಳುವುದೂ ಲೋಕದಲ್ಲಿ ಹೊಸ ಸಂಗತಿಯಲ್ಲ. ಚರಿತ್ರೆಯ ಪಾಠಗಳಲ್ಲಿ ಈ ಏಳುಬೀಳುಗಳ ತೇದಿಗಳನ್ನು ನಮ್ಮ ವಿದ್ಯಾರ್ಥಿನಿಯರು ಬಾಯಿಪಾಠ ಮಾಡುತ್ತಲೇ ಇರುತ್ತಾರೆ. ಆದರೆ ಬೀಳುತ್ತಿರುವವನ ಕೈಯಲ್ಲಿ ಲೋಕವನ್ನೇ ಸುಡಬಲ್ಲ ಆಯುಧವಿರುವ ಸ್ಥಿತಿಯು ೧೯೪೫ಕ್ಕೆ ಮುಂಚೆ ಎಂದೂ ಇರಲಿಲ್ಲ. ಏಳುತ್ತಿರುವ ರಾಜ್ಯವೇ ನೆರೆಯವರಿಗೆ ಅಪಾಯಕರವೆಂದು ಹೇಳುವುದುಂಟು. ನಮಗಾದರೋ, ಕುಂದುತ್ತಿದ್ದರೂ ಅದನ್ನು ಒಪ್ಪದಿರುವ ರಾಜ್ಯವೇ ಹೆಚ್ಚು ಭಯಂಕರವೆಂದು ತೋರುತ್ತದೆ.

ಇದಕ್ಕೆ ರಷ್ಯಾ ದೇಶವೇ ನಿದರ್ಶನ. ೧೯೮೨ನೆಯ ಇಸವಿ ಜೂನ್ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ನಾಯಕರಾದ ಬ್ರೆಜ್ನೆವ್ ಅವರು, ಅಣ್ವಸ್ತ್ರವನ್ನು ತಾವು ಮೊದಲಾಗಿ ಪ್ರಯೋಗಿಸುವುದಿಲ್ಲವೆಂದು ವಿಶ್ವಸಂಸ್ಥೆಯ ಮುಂದೆ ವಾಗ್ದಾನವಿತ್ತರು. ಆಗ ಯೂರೋಪಿನಲ್ಲಿ ಅವರ ಟ್ಯಾಂಕುಗಳ ಸಂಖ್ಯೆಯು ಎದುರಾಳಿಗಳಿಗಿಂತ ಬಹಳ ಹೆಚ್ಚಾಗಿತ್ತು. ಟ್ಯಾಂಕುಗಳು ಕಡಿಮೆಯಿದ್ದ ನೇಟೋ ಕೂಟದವರು ಅಂಥ ಮಾತನ್ನು ಕೊಡಲೊಲ್ಲದೆ ಹೋದರು. ೧೯೯೧ರಲ್ಲಿ ಒಕ್ಕೂಟವು ಒಡೆಯಿತು, ಸೈನ್ಯವು ಸೊರಗಿತು. ೧೯೯೩ನೆಯ ನವೆಂಬರಿನಲ್ಲಿ ರಷ್ಯಾ ಆ ವಾಗ್ದಾನವನ್ನು ಸದ್ದಿಲ್ಲದೆ ಕೈಬಿಟ್ಟಿತು. ಯಾರ ಸೈನ್ಯವು ಬಲಹೀನವಾಗಿತ್ತೋ ಅವರೇ ಬಾಂಬನ್ನು ಊರುಗೋಲಾಗಿ ಹಿಡಿದರು. ಇದರಲ್ಲಿ ಪೂರ್ವದವರು ಪಶ್ಚಿಮದವರು ಎಂಬ ಭೇದವೇನೂ ಇಲ್ಲ.

ಮುಂದೆ ನಡೆದುದು ಇನ್ನೂ ಶೋಚನೀಯ. ತನ್ನ ನೆಲದಲ್ಲಿ ಉಳಿದಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಉಕ್ರೇನ್ ದೇಶವು ಬಿಟ್ಟುಕೊಟ್ಟಿತು. ಪ್ರತಿಯಾಗಿ ಅದರ ಗಡಿಗಳನ್ನು ಮನ್ನಿಸುವೆವೆಂದು ರಷ್ಯಾ, ಅಮೇರಿಕ, ಬ್ರಿಟನ್ ಮೂವರೂ ೧೯೯೪ನೆಯ ಡಿಸೆಂಬರ್ ೫ರಂದು ಬುಡಾಪೆಸ್ಟಿನಲ್ಲಿ ರುಜು ಹಾಕಿದರು. ರಷ್ಯಾ ೨೦೧೪ರಲ್ಲಿ ಕ್ರೈಮಿಯವನ್ನು ಕಸಿದುಕೊಂಡಿತು. ೨೦೨೨ನೆಯ ಫೆಬ್ರವರಿ ೨೪ರಂದು ಪೂರ್ಣ ಯುದ್ಧವನ್ನೇ ಹೂಡಿತು. ಅದೇ ಸೆಪ್ಟೆಂಬರಿನಲ್ಲಿ ಖಾರ್ಕಿವ್ ಪ್ರಾಂತದಿಂದ ಅದರ ಪಡೆಗಳು ಹಿಮ್ಮೆಟ್ಟಬೇಕಾಗಿ ಬಂದಿತು. ಕೆಲವೇ ದಿನಗಳೊಳಗೆ ಅಧ್ಯಕ್ಷ ಪುಟಿನ್ ಅವರ ಬಾಯಿಂದ ಅಣ್ವಸ್ತ್ರದ ಬೆದರಿಕೆಯು ಹೊರಟಿತು. ಸೋಲಿನ ಬೆನ್ನಿಗೇ ಬೆದರಿಕೆ! ಇನ್ನು ಮೇಲೆ ಯಾವ ಚಿಕ್ಕ ರಾಜ್ಯವು ಇಂಥ ಕಾಗದವನ್ನು ನಂಬಿ ಆಯುಧವನ್ನು ಬಿಟ್ಟೀತು?

ಅಮೇರಿಕವನ್ನೂ ನಾವು ಹೊಗಳಲಾರೆವು. ೧೯೮೭ರ ಮಧ್ಯಮ ದೂರದ ಕ್ಷಿಪಣಿಗಳ ಒಡಂಬಡಿಕೆಯನ್ನು, ರಷ್ಯಾ ಅದನ್ನು ಮೀರಿತೆಂದು ಹೇಳಿ, ಅದು ೨೦೧೯ರಲ್ಲಿ ಬಿಟ್ಟುಬಿಟ್ಟಿತು. ಇಬ್ಬರ ದೀರ್ಘ ದೂರದ ಅಸ್ತ್ರಗಳಿಗೂ ಮಿತಿ ಹಾಕಿದ್ದ ೨೦೧೦ರ ಕರಾರಿನ ಅವಧಿಯು ೨೦೨೬ನೆಯ ಫೆಬ್ರವರಿ ೫ರವರೆಗೆ ಮಾತ್ರ. ಅದಕ್ಕೂ ಮುಂಚೆಯೇ, ೨೦೨೩ರಲ್ಲಿ, ರಷ್ಯಾ ಅದನ್ನು ತಡೆಹಿಡಿದಿತ್ತು.

೧೯೮೬ರ ಸುಮಾರಿಗೆ ಲೋಕದಲ್ಲಿ ಎಪ್ಪತ್ತು ಸಾವಿರದಷ್ಟಿದ್ದ ಅಣ್ವಸ್ತ್ರಗಳು ಈಗ ಹನ್ನೆರಡು ಸಾವಿರಕ್ಕೆ ಇಳಿದಿವೆಯೆಂದು ಕೆಲವರು ಸಮಾಧಾನಪಡುತ್ತಾರೆ. ಹಿರೋಷಿಮಾ ನಗರಕ್ಕೆ ಒಂದೇ ಸಾಕಾಯಿತು. ೧೯೪೫ನೆಯ ಆಗಸ್ಟ್ ೬ರ ಬೆಳಿಗ್ಗೆ ಆ ಊರಿನ ಸಾವಿರಾರು ಮಂದಿ ಶಾಲೆಯ ಹುಡುಗ ಹುಡುಗಿಯರು, ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಬೀದಿಗಳಲ್ಲಿ ನಿಂತಿದ್ದರು. ಮೆಥೊಡಿಸ್ಟ್ ಮಿಷನರಿಗಳು ಬೆಳೆಸಿದ್ದ ಹಿರೋಷಿಮಾ ಜೊಗಾಕುಯಿನ್ ಎಂಬ ಹೆಣ್ಣುಮಕ್ಕಳ ಶಾಲೆಯು ಅಂದು ನೆಲಸಮವಾಯಿತು. ಅದರ ನೂರಾರು ವಿದ್ಯಾರ್ಥಿನಿಯರೂ ಉಪಾಧ್ಯಾಯರೂ ಸತ್ತರು. ನಮ್ಮಂಥದೇ ಶಾಲೆ, ನಮ್ಮ ಮಕ್ಕಳ ವಯಸ್ಸಿನವರೇ.

ಹಾಗಾದರೆ ಕುಂದುವ ರಾಜ್ಯವೆಲ್ಲವೂ ಹೀಗೆಯೇ ವರ್ತಿಸಬೇಕೇ? ಇಲ್ಲ. ಗೊರ್ಬಚೇವ್ ಅವರ ಕೈಕೆಳಗೆ ಸಾವಿರಾರು ಅಣ್ವಸ್ತ್ರಗಳಿದ್ದವು. ಆದರೂ ೧೯೮೯ರಲ್ಲಿ ಪೂರ್ವ ಯೂರೋಪು ಕೈಜಾರಿ ಹೋಗುವಾಗ ಅವರು ಅದನ್ನು ಹೋಗಗೊಟ್ಟರು. ಸ್ವದೇಶದಲ್ಲಿ ಅನೇಕರು ಇದಕ್ಕಾಗಿ ಅವರನ್ನು ಹಳಿದರು. ನಾವು ಮಾತ್ರ ಅವರನ್ನು ಆ ಶತಮಾನದ ದೊಡ್ಡ ಮನುಷ್ಯರಲ್ಲಿ ಎಣಿಸುತ್ತೇವೆ.

ಮೊದಲು ಪ್ರಯೋಗಿಸೆವೆಂಬ ವಾಗ್ದಾನವು ಬರಿಯ ಮಾತೆಂದು ಪಂಡಿತರು ನಗುವುದುಂಟು. ಬರಿಯ ಮಾತಾಗಿದ್ದರೆ ರಷ್ಯಾ ಅದನ್ನು ಹಿಂತೆಗೆದುಕೊಳ್ಳುವ ಶ್ರಮವನ್ನೇಕೆ ಪಟ್ಟಿತು? ಅಮೇರಿಕವು ಅದನ್ನು ಕೊಡಲು ಇಂದಿಗೂ ಏಕೆ ಅಂಜುತ್ತದೆ? ನಮ್ಮ ಭಾರತ ಸರ್ಕಾರವು ೨೦೦೩ರಲ್ಲಿ ಪ್ರಕಟಿಸಿದ ತನ್ನ ಅಣ್ವಸ್ತ್ರ ನೀತಿಯಲ್ಲಿ ಈ ಮಾತನ್ನು ಬರೆದಿಟ್ಟಿದೆ. ೨೦೧೯ನೆಯ ಆಗಸ್ಟಿನಲ್ಲಿ ರಕ್ಷಣಾ ಮಂತ್ರಿಗಳು ಪೋಖರಣದಲ್ಲಿ, ಮುಂದೇನಾಗುವುದೆಂಬುದು ಸಂದರ್ಭವನ್ನು ಅವಲಂಬಿಸಿದೆಯೆಂದು ನುಡಿದರು. ಆ ನುಡಿಯು ನಮಗೆ ಹಿಡಿಸಲಿಲ್ಲ.